ಶುಗರ್ ಇದ್ದವರ ಎಲುಬು ಯಾಕೆ ತಡವಾಗಿ ಕೂಡುತ್ತದೆ?

ಓದುಗರ ಪ್ರಶ್ನೆ, ವೈದ್ಯರ ಉತ್ತರ

ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಿಂದ ಈ ಸಲ ಬಂದ ಪತ್ರಗಳಲ್ಲಿ ಒಂದೇ ಚಿಂತೆ ಮತ್ತೆ ಮತ್ತೆ ಕಾಣಿಸಿದೆ. ಮನೆಯಲ್ಲಿ ಶುಗರ್ ಇರುವ ಹಿರಿಯರು ಬಿದ್ದಿದ್ದಾರೆ, ಎಲುಬು ಮುರಿದಿದೆ, ಬೇಗ ಕೂಡುತ್ತಿಲ್ಲ. ಎಲುಬಿನ ವೈದ್ಯರು ಮತ್ತು ಶುಗರ್ ವೈದ್ಯರು ಸೇರಿ ಉತ್ತರಿಸಿದ್ದಾರೆ.

ಪ್ರಶ್ನೆ: ನಮ್ಮ ಅಪ್ಪಾಜಿಗೆ 58 ವರ್ಷ, 12 ವರ್ಷದಿಂದ ಶುಗರ್ ಐತ್ರಿ. ಕಾಲುವೆ ದಂಡಿ ಮ್ಯಾಲ ಗಾಡಿ ಸ್ಲಿಪ್ ಆಗಿ ಮೊಣಕಾಲಿನ ಕೆಳಗಿನ ಎಲುಬು ಮುರೀತು. ಆಪರೇಷನ್ ಮಾಡಿ ರಾಡ್ ಹಾಕ್ಯಾರ. ನಾಲ್ಕು ತಿಂಗಳಾತು, ಎಕ್ಸ್‌ರೇ ನೋಡಿ ‘ಇನ್ನೂ ಪೂರ್ತಿ ಕೂಡಿಲ್ಲ’ ಅಂತಾರ. ಇದೇ ಎಲುಬು ಮುರಿದಿದ್ದ ಬಾಜೂ ಮನಿ ಹುಡುಗ ನಾಲ್ಕು ತಿಂಗಳಿಗೇ ಹೊಲಕ್ಕ ಹೊಂಟಾನ. ರಾಡ್ ಸರಿ ಕೂತಿಲ್ಲೇನ್ರಿ? ಎಚ್‌ಬಿಎ1ಸಿ 9.8 ಬಂದೈತಿ.
– ಒಬ್ಬ ಮಗ, ಸಿಂಧನೂರು

ಉತ್ತರ: ರಾಡ್ ಮೇಲೆ ಅನುಮಾನ ಪಡುವ ಮೊದಲು, ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ 9.8 ಬಂದಿದೆಯಲ್ಲ, ಅದರ ಕಡೆ ನೋಡಿ. ಬಾಜೂ ಮನೆಯ ಹುಡುಗನ ಜೊತೆ ಹೋಲಿಸುವುದನ್ನಂತೂ ಬಿಟ್ಟುಬಿಡಿ. ಶುಗರ್ ಇಲ್ಲದವರಿಗೂ ಈ ಎಲುಬು ಕೂಡಲು ಸಾಮಾನ್ಯವಾಗಿ ನಾಲ್ಕೈದು ತಿಂಗಳು ಹಿಡಿಯುತ್ತದೆ. ಶುಗರ್ ಇದ್ದವರ ಕಾಲಿನ ಎಲುಬಿಗೆ ಅದರ ಒಂದೂವರೆ ಪಟ್ಟು ಕಾಲ ಬೇಕಾಗಬಹುದು. ಮುರಿದ ತುದಿಗಳು ಜಾಗ ಬಿಟ್ಟು ಸರಿದಿದ್ದರೆ ಎರಡು ಪಟ್ಟಿನ ಹತ್ತಿರಕ್ಕೂ ಹೋಗುವುದುಂಟು. ಆ ಲೆಕ್ಕದಲ್ಲಿ ನಿಮ್ಮ ತಂದೆಯವರು ಇನ್ನೂ ಅರ್ಧ ದಾರಿಯಲ್ಲಿದ್ದಾರೆ, ದಾರಿ ತಪ್ಪಿಲ್ಲ.

ತಡ ಯಾಕೆ ಎನ್ನುವುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇವೆ. ಅದು ತಿಳಿದರೆ ಮುಂದಿನ ಆರು ತಿಂಗಳು ಏನು ಮಾಡಬೇಕು ಅನ್ನುವುದು ತಾನಾಗಿಯೇ ತಿಳಿಯುತ್ತದೆ.

ಎಲುಬು ಮುರಿದ ಕೂಡಲೇ ಒಳಗೆ ರಕ್ತ ಸೋರಿ ಹೆಪ್ಪುಗಟ್ಟುತ್ತದೆ. ಆ ಹೆಪ್ಪಿನೊಳಗೆ ಬಿಳಿ ರಕ್ತಕಣಗಳು ನುಗ್ಗಿ, ಸತ್ತ ಜೀವಕೋಶ, ಎಲುಬಿನ ಚೂರುಗಳನ್ನೆಲ್ಲ ತೆಗೆದು ಜಾಗ ಸ್ವಚ್ಛ ಮಾಡುತ್ತವೆ. ಇದೇ ಉರಿಯೂತ. ಉರಿಯೂತ ಅಂದರೆ ಕೆಟ್ಟದ್ದು ಎಂದೇ ನಾವೆಲ್ಲ ಕೇಳಿದ್ದೇವೆ. ಮುರಿದ ಎಲುಬಿಗೆ ಮಾತ್ರ ಅದು ಬೇಕೇ ಬೇಕು, ಅದಿಲ್ಲದೆ ದುರಸ್ತಿ ಶುರುವೇ ಆಗುವುದಿಲ್ಲ. ಆದರೆ ಮೊದಲ ಕೆಲವು ದಿನ ಜೋರಾಗಿದ್ದು ವಾರದೊಳಗೆ ತಣ್ಣಗಾಗಬೇಕು. ರೊಟ್ಟಿ ಬೇಯುವಷ್ಟು ಹೊತ್ತು ಒಲೆ ಉರಿಯಬೇಕು. ಬೆಂದ ಮೇಲೂ ಉರಿ ಹಾಗೇ ಇದ್ದರೆ ಹಂಚಿನ ಮೇಲಿನ ರೊಟ್ಟಿ ಕರಕಾಗುತ್ತದೆ. ಉರಿ ಇಳಿದ ಮೇಲೆ, ಎರಡು ಮೂರು ವಾರದ ಹೊತ್ತಿಗೆ, ಮುರಿದ ತುದಿಗಳ ನಡುವೆ ಮೃದ್ವಸ್ಥಿಯ ಮೆತ್ತನೆಯ ಸೇತುವೆ ಕಟ್ಟಿಕೊಳ್ಳುತ್ತದೆ. ಕಿವಿಯ ಆಲೆಯನ್ನು ಬಾಗಿಸಿ ನೋಡಿದರೆ ಅದು ಎಂಥದ್ದೆಂದು ಗೊತ್ತಾಗುತ್ತದೆ. ಮುಂದಿನ ತಿಂಗಳುಗಳಲ್ಲಿ ಅದರ ಮೇಲೆ ಕ್ಯಾಲ್ಸಿಯಂ ಕೂತು ಗಟ್ಟಿ ಎಲುಬಾಗುತ್ತದೆ. ಆಮೇಲೆ ವರ್ಷಗಟ್ಟಲೆ ಎಲುಬು ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ.

ಶುಗರ್ ಏರಿದವರಲ್ಲಿ ಎಡವಟ್ಟಾಗುವುದು ಆ ‘ಉರಿ ಇಳಿಯುವ’ ಹಂತದಲ್ಲಿ. ಟಿಎನ್‌ಎಫ್ ಆಲ್ಫಾ ಎಂಬ ಉರಿಯೂತದ ರಾಸಾಯನಿಕ ಇಳಿಯಬೇಕಾದ ಹೊತ್ತಿಗೆ ಇಳಿಯದೆ ವಾರಗಟ್ಟಲೆ ಹೊಗೆಯಾಡುತ್ತಲೇ ಇರುತ್ತದೆ. ಅದರ ಪ್ರಚೋದನೆಯಿಂದ ಎಲುಬು ತಿನ್ನುವ ಕೋಶಗಳು ಹೆಚ್ಚಾಗಿ, ಮೆತ್ತನೆಯ ಸೇತುವೆ ಗಟ್ಟಿಯಾಗುವ ಮೊದಲೇ ಅದನ್ನು ಕಿತ್ತು ಹಾಕತೊಡಗುತ್ತವೆ. ಎಲುಬು ಕಟ್ಟುವ ಕೋಶಗಳು ಅದೇ ವೇಳೆಗೆ ಕಡಿಮೆಯಾಗಿರುತ್ತವೆ. ಸಕ್ಕರೆ ಕಾಯಿಲೆ ಬರಿಸಿದ ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಇದು ಸ್ಪಷ್ಟವಾಗಿ ಕಂಡಿದೆ. ಅಂಥ ಇಲಿಗಳಿಗೆ ಇನ್ಸುಲಿನ್ ಕೊಟ್ಟು ಸಕ್ಕರೆ ಹಿಡಿತಕ್ಕೆ ತಂದಾಗ ದುರಸ್ತಿ ಮತ್ತೆ ಸರಿದಾರಿಗೆ ಬಂದದ್ದೂ ಕಂಡಿದೆ. ನಮಗೆ ಮುಖ್ಯವಾದದ್ದು ಈ ಕೊನೆಯ ಮಾತು.

ಇದರ ಜೊತೆಗೆ ಸಣ್ಣ ರಕ್ತನಾಳಗಳು ಕಿರಿದಾಗಿ ಮುರಿದ ಜಾಗಕ್ಕೆ ಆಮ್ಲಜನಕ ಸಾಲುವುದಿಲ್ಲ. ಎಲುಬಿನ ಒಳಗಿನ ಕೊಲಾಜನ್ ಎಳೆಗಳಿಗೆ ವರ್ಷಾನುಗಟ್ಟಲೆ ಸಕ್ಕರೆ ಅಂಟಿ ಅವು ಪೆಡಸಾಗಿರುತ್ತವೆ. ಬಿಳಿ ರಕ್ತಕಣಗಳೂ ಮಂಕಾಗಿರುವುದರಿಂದ ಸೋಂಕಿನ ಭಯ ಬೇರೆ.

ಈಗ ಮಾಡಬೇಕಾದದ್ದು. ಮನೆಯಲ್ಲಿ ಗ್ಲುಕೋಮೀಟರ್ ಇಟ್ಟುಕೊಂಡು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮತ್ತು ಊಟವಾದ ಎರಡು ಗಂಟೆಗೆ ನೋಡಿ, ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಖಾಲಿ ಹೊಟ್ಟೆಯಲ್ಲಿ 80ರಿಂದ 130, ಊಟದ ನಂತರ 180ರ ಒಳಗೆ ಇರಬೇಕು. ವಯಸ್ಸಾದವರಿಗೆ, ಹೃದಯದ ತೊಂದರೆ ಇದ್ದವರಿಗೆ ವೈದ್ಯರು ಇದನ್ನು ಸ್ವಲ್ಪ ಸಡಿಲ ಮಾಡುತ್ತಾರೆ. ಎಚ್‌ಬಿಎ1ಸಿ ಮೂರು ತಿಂಗಳ ಸರಾಸರಿ, ಅದು ಇಳಿಯುವುದು ನಿಧಾನ. ಎಲುಬಿಗೆ ಮಾತ್ರ ಇವತ್ತಿನ ಸಕ್ಕರೆ ಇವತ್ತೇ ತಟ್ಟುತ್ತದೆ. ಆದ್ದರಿಂದ ಮುಂದಿನ ಎಚ್‌ಬಿಎ1ಸಿ ಬರಲಿ ಎಂದು ಕಾಯದೆ ಈ ವಾರವೇ ವೈದ್ಯರಲ್ಲಿ ಔಷಧಿಯ ಪ್ರಮಾಣ ಸರಿಪಡಿಸಿಕೊಳ್ಳಿ.

ಮುಂದಿನ ಎಕ್ಸ್‌ರೇ ತೆಗೆಸಿದಾಗ ಹೀಗೆ ಕೇಳಿ: ‘ನಾಲ್ಕು ಬದಿಯಲ್ಲಿ ಎಷ್ಟು ಬದಿ ಸೇತುವೆ ಕಟ್ಟಿದೆ?’ ಎದುರಿನಿಂದ ಒಂದು, ಪಕ್ಕದಿಂದ ಒಂದು ಚಿತ್ರ ತೆಗೆದರೆ ಎಲುಬಿನ ನಾಲ್ಕು ಅಂಚುಗಳು ಕಾಣುತ್ತವೆ. ಮೂರು ಅಂಚುಗಳಲ್ಲಿ ಹೊಸ ಎಲುಬು ದಾಟಿದ್ದರೆ ಕೂಡಿದೆ ಎಂದೇ ಅರ್ಥ. ಹಿಂದಿನ ಎಕ್ಸ್‌ರೇಗಳನ್ನೆಲ್ಲ ಜೊತೆಗೆ ಒಯ್ಯಿರಿ. ಒಂದೇ ಚಿತ್ರಕ್ಕಿಂತ ಮೂರು ಚಿತ್ರಗಳ ನಡುವಿನ ಬದಲಾವಣೆ ಹೆಚ್ಚು ಹೇಳುತ್ತದೆ. ಒಂಬತ್ತು ತಿಂಗಳಾಗಿ, ಅದರಲ್ಲಿ ಕೊನೆಯ ಮೂರು ತಿಂಗಳು ಏನೂ ಬದಲಾಗದಿದ್ದರೆ ಅದನ್ನು ‘ಕೂಡದ ಎಲುಬು’ ಎನ್ನುತ್ತಾರೆ. ಆಗ ಸೊಂಟದ ಎಲುಬಿನಿಂದ ತಿರುಳು ತೆಗೆದು ತುಂಬುವುದು, ರಾಡ್ ಬದಲಿಸುವುದು ಮುಂತಾದ ದಾರಿಗಳಿವೆ. ಅದಕ್ಕೂ ಮೊದಲು ಸಿಆರ್‌ಪಿ, ಇಎಸ್‌ಆರ್ ರಕ್ತಪರೀಕ್ಷೆ ಮಾಡಿಸಿ ಒಳಗೆ ಸೋಂಕು ಇಲ್ಲವೆಂದು ಖಚಿತ ಮಾಡಿಕೊಳ್ಳಬೇಕು. ಹೊಲಿಗೆ ಜಾಗದಲ್ಲಿ ನೀರು ಜಿನುಗಿದರೆ, ಬಿಸಿಯಾದರೆ ಒಂಬತ್ತು ತಿಂಗಳು ಕಾಯುವ ಮಾತೇ ಇಲ್ಲ, ಮರುದಿನವೇ ತೋರಿಸಿ.

ತಂದೆಯವರು ಬೀಡಿ, ಗುಟ್ಕಾ, ತಂಬಾಕು ಏನಾದರೂ ಬಳಸುತ್ತಿದ್ದರೆ ಅದನ್ನು ನಿಲ್ಲಿಸುವುದು ಇವತ್ತಿನ ಕೆಲಸ. ನಿಕೋಟಿನ್ ರಕ್ತನಾಳಗಳನ್ನು ಬಿಗಿಯುತ್ತದೆ. ಶುಗರ್ ಈಗಾಗಲೇ ಕಿರಿದು ಮಾಡಿದ ದಾರಿಯನ್ನು ಅದು ಇನ್ನಷ್ಟು ಮುಚ್ಚುತ್ತದೆ. ಅಗಿದು ಉಗುಳಿದರೂ ನಿಕೋಟಿನ್ ರಕ್ತ ಸೇರಿಯೇ ಸೇರುತ್ತದೆ.

ಪ್ರಶ್ನೆ: ತಾಯಿಗೆ 66 ವರ್ಷ. ಬಚ್ಚಲಲ್ಲಿ ಜಾರಿ ಸೊಂಟದ ಎಲುಬು ಮುರಿದಿದೆ. ಮನೆಯಲ್ಲಿ 160 ಇದ್ದ ಶುಗರ್ ಆಸ್ಪತ್ರೆಗೆ ಸೇರಿಸಿದ ದಿನ 320 ಆಯಿತು. ಇನ್ಸುಲಿನ್ ಶುರು ಮಾಡಿದ್ದಾರೆ. ಒಮ್ಮೆ ಹಿಡಿದರೆ ಸಾಯುವವರೆಗೂ ಬಿಡುವಂತಿಲ್ಲ ಎನ್ನುತ್ತಾರೆ, ನಿಜವೇ? ಶುಗರ್ ಪೂರ್ತಿ ಇಳಿದ ಮೇಲೆ ಆಪರೇಷನ್ ಮಾಡಿಸಿದರೆ ಒಳ್ಳೆಯದಲ್ಲವೇ?
– ಗಂಗಾವತಿಯ ಓದುಗರು

ಉತ್ತರ: ಮೊದಲ ಮಾತು ನಿಜವಲ್ಲ. ಪೆಟ್ಟು, ನೋವು, ಹೆದರಿಕೆ ಎಲ್ಲ ಸೇರಿ ದೇಹ ಕಾರ್ಟಿಸಾಲ್, ಅಡ್ರಿನಲಿನ್ ಸುರಿಸುತ್ತದೆ. ಅವು ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತವೆ, ಇನ್ಸುಲಿನ್ ಕೆಲಸಕ್ಕೂ ಅಡ್ಡ ಬರುತ್ತವೆ. 160 ಒಂದೇ ದಿನದಲ್ಲಿ 320 ಆಗುವುದು ಹೀಗೆ. ಮಾತ್ರೆ ಅಷ್ಟು ವೇಗವಾಗಿ ಇದನ್ನು ಹಿಡಿಯಲಾರದು. ಇನ್ಸುಲಿನ್ ಪ್ರಮಾಣವನ್ನಾದರೆ ಗಂಟೆಗಂಟೆಗೆ ಹೆಚ್ಚು ಕಡಿಮೆ ಮಾಡಬಹುದು. ಗಾಯ ಮಾಗಿ, ಊಟ ಸರಿಯಾದ ಮೇಲೆ ಬಹಳಷ್ಟು ಮಂದಿ ತಮ್ಮ ಹಳೆಯ ಮಾತ್ರೆಗೇ ಮರಳುತ್ತಾರೆ. ಮೊದಲಿನಿಂದಲೂ ಎಚ್‌ಬಿಎ1ಸಿ ತುಂಬಾ ಜಾಸ್ತಿ ಇದ್ದವರಿಗೆ ಎಲುಬು ಕೂಡುವವರೆಗಾದರೂ ಇನ್ಸುಲಿನ್ ಮುಂದುವರಿಸುವುದು ಲಾಭ.

ಎರಡನೆಯದಕ್ಕೆ ನಮ್ಮ ಉತ್ತರ ಗಟ್ಟಿಯಾಗಿಯೇ ಇದೆ: ಕಾಯಬೇಡಿ. ಸೊಂಟದ ಎಲುಬಿನ ಆಪರೇಷನ್ 24ರಿಂದ 48 ಗಂಟೆಯೊಳಗೆ ಆದಷ್ಟೂ ಒಳ್ಳೆಯದು. ವಯಸ್ಸಾದವರು ಹಾಸಿಗೆ ಹಿಡಿದು ಮಲಗಿದರೆ ಬೆನ್ನಿನಲ್ಲಿ ಹುಣ್ಣು, ಎದೆಯಲ್ಲಿ ಕಫ, ಕಾಲಿನ ರಕ್ತನಾಳದಲ್ಲಿ ಹೆಪ್ಪು ಬರುತ್ತವೆ. ಜೀವಕ್ಕೆ ಅಪಾಯ ತರುವುದು ಅವೇ. ಡ್ರಿಪ್ ಮೂಲಕ ಇನ್ಸುಲಿನ್ ಕೊಟ್ಟರೆ ಕೆಲವೇ ಗಂಟೆಗಳಲ್ಲಿ ಸಕ್ಕರೆ ಇಳಿಯುತ್ತದೆ. ಆಪರೇಷನ್ ಹೊತ್ತಿಗೆ 140ರಿಂದ 180ರ ಸುತ್ತ ಇದ್ದರೆ ಸಾಕು, 100ಕ್ಕೆ ಇಳಿಸಲು ಹೋಗಬಾರದು. ಆಪರೇಷನ್ ನಂತರ 200 ದಾಟಿ ನಿಲ್ಲದಂತೆ ನೋಡಿಕೊಳ್ಳುವುದೇ ದೊಡ್ಡ ಕೆಲಸ, ಯಾಕೆಂದರೆ ಗಾಯಕ್ಕೆ ಸೋಂಕು ತಗಲುವುದು ಆ ದಿನಗಳಲ್ಲಿ. ಎಲುಬು ಚರ್ಮ ಹರಿದು ಹೊರಬಂದಿದ್ದರೂ ತಡ ಕೂಡದು. ಅವಸರವಿಲ್ಲದ ಆಪರೇಷನ್, ಉದಾಹರಣೆಗೆ ಹಳೆಯ ಪ್ಲೇಟ್ ತೆಗೆಸುವುದು, ಮೊಣಕಾಲು ಕೀಲು ಬದಲಿಸುವುದು ಇದ್ದರೆ ಮಾತ್ರ ಎಚ್‌ಬಿಎ1ಸಿ 8ರ ಒಳಗೆ ಬರುವವರೆಗೆ ಕಾಯುವುದರಲ್ಲಿ ಅರ್ಥವಿದೆ.

ಒಂದು ಮಾತು ಮರೆಯಬೇಡಿ. ತಾಯಿಯವರು ತೆಗೆದುಕೊಳ್ಳುವ ಮಾತ್ರೆಗಳ ಚೀಟಿಯನ್ನಲ್ಲ, ಮಾತ್ರೆಗಳ ಸ್ಟ್ರಿಪ್‌ಗಳನ್ನೇ ಆಸ್ಪತ್ರೆಗೆ ಒಯ್ಯಿರಿ. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂದು ಬರೆದಿದ್ದರೆ ಅರಿವಳಿಕೆ ಕೊಡುವ ವೈದ್ಯರಿಗೆ ತಪ್ಪದೆ ತೋರಿಸಿ. ಮೊದಲೇ ದಿನ ಗೊತ್ತು ಮಾಡಿದ ಆಪರೇಷನ್ ಆದರೆ ಅವನ್ನು ಮೂರು ದಿನ ಮುಂಚೆ ನಿಲ್ಲಿಸುತ್ತಾರೆ. ತುರ್ತಿನಲ್ಲಿ ಅಷ್ಟು ಸಮಯ ಇರುವುದಿಲ್ಲ. ಈ ಮಾತ್ರೆ ತಿಂದವರು ಉಪವಾಸ ಇದ್ದರೆ, ಸಕ್ಕರೆ ಅಷ್ಟೇನೂ ಏರದಿದ್ದರೂ ರಕ್ತದಲ್ಲಿ ಕೀಟೋನ್ ಆಮ್ಲ ಸೇರಬಹುದು. ವಾಂತಿ, ಹೊಟ್ಟೆನೋವು, ಏದುಸಿರು ಅದರ ಲಕ್ಷಣ.

ಪ್ರಶ್ನೆ: ಪಯೋಗ್ಲಿಟಜೋನ್ ಎಂಬ ಶುಗರ್ ಮಾತ್ರೆಯಿಂದ ಎಲುಬು ಸವೆಯುತ್ತದೆಯೇ? ನನಗೆ 54, ಮುಟ್ಟು ನಿಂತಿದೆ, ಹೋದ ವರ್ಷ ಮುಂಗೈ ಮುರಿದಿತ್ತು.
– ಸಂಡೂರಿನ ಓದುಗರು

ಉತ್ತರ: ಹೌದು, ತಾಯಿ. ವರ್ಷಕ್ಕೂ ಹೆಚ್ಚು ಕಾಲ ತೆಗೆದುಕೊಂಡ ಹೆಂಗಸರಲ್ಲಿ ಕೈ, ಕಾಲಿನ ಎಲುಬು ಮುರಿಯುವುದು ಹೆಚ್ಚು. ಮಜ್ಜೆಯಲ್ಲಿ ಎಲುಬು ಕಟ್ಟಬೇಕಾದ ಮೂಲಕೋಶಗಳನ್ನು ಅದು ಕೊಬ್ಬಿನ ಕೋಶಗಳಾಗುವ ಕಡೆಗೆ ತಿರುಗಿಸುತ್ತದೆ. ಒಮ್ಮೆ ಮುರಿದಿರುವ ನಿಮಗೆ ಅದನ್ನು ಬದಲಿಸುವುದು ಲೇಸು. ಆದರೆ ನೀವಾಗಿಯೇ ನಿಲ್ಲಿಸಬೇಡಿ, ಶುಗರ್ ಏರಿದರೆ ಎಲುಬಿಗೆ ಅದೂ ಪೆಟ್ಟೇ. ಮೆಟ್‌ಫಾರ್ಮಿನ್, ಸಿಟಾಗ್ಲಿಪ್ಟಿನ್, ವಿಲ್ಡಾಗ್ಲಿಪ್ಟಿನ್‌ಗಳಿಂದ ಎಲುಬಿಗೆ ಇಂಥ ತೊಂದರೆ ಕಂಡಿಲ್ಲ.

ಪ್ರಶ್ನೆ: ನಮ್ಮ ಮಾವನವರಿಗೆ 15 ವರ್ಷದ ಶುಗರ್. ಎಡಗಾಲಿನ ಪಾದ ತಿಂಗಳಿಂದ ಊದಿ ಕೆಂಪಾಗಿದೆ, ಮುಟ್ಟಿದರೆ ಬಿಸಿ. ನೋವು ಅಷ್ಟಾಗಿ ಇಲ್ಲ, ಭತ್ತದ ಗದ್ದೆಗೆ ಓಡಾಡಿಕೊಂಡೇ ಇದ್ದಾರೆ. ಎಕ್ಸ್‌ರೇ ನಾರ್ಮಲ್. ಯೂರಿಕ್ ಆಸಿಡ್ ಮಾತ್ರೆ, ಕೀವಿನ ಮಾತ್ರೆ ಎರಡೂ ಆಯಿತು, ಕಡಿಮೆಯಾಗಿಲ್ಲ.
– ಸೊಸೆ, ಮಾನ್ವಿ

ಉತ್ತರ: ಈ ಪತ್ರ ಓದಿದಾಗ ನಮಗೆ ಆತಂಕವಾಯಿತು, ಅದಕ್ಕೇ ಎಲ್ಲಕ್ಕಿಂತ ಮೊದಲು ಹೇಳಬೇಕಾದದ್ದನ್ನು ಹೇಳಿಬಿಡುತ್ತೇವೆ: ಇವತ್ತಿನಿಂದ ಆ ಕಾಲನ್ನು ನೆಲಕ್ಕೆ ಊರಿಸಬೇಡಿ. ಇದು ಶಾರ್ಕೋ ಪಾದ ಎಂಬ ತೊಂದರೆ ಆಗಿರುವ ಸಾಧ್ಯತೆ ಹೆಚ್ಚು.

ಬಹಳ ವರ್ಷದ ಶುಗರ್ ಕಾಲಿನ ನರಗಳನ್ನು ಮಂಕು ಮಾಡುತ್ತದೆ. ಪಾದದ ಒಂದು ಸಣ್ಣ ಎಲುಬಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೆ ಉಳಿದವರು ಕುಂಟುತ್ತಾರೆ, ಕೂತುಬಿಡುತ್ತಾರೆ. ನೋವೇ ಗೊತ್ತಾಗದವರು ನಡೆಯುತ್ತಲೇ ಇರುತ್ತಾರೆ. ನಡೆದಂತೆಲ್ಲ ಉರಿಯೂತ ಹೆಚ್ಚುತ್ತದೆ, ಉರಿಯೂತ ಎಲುಬು ತಿನ್ನುವ ಕೋಶಗಳನ್ನು ಎಬ್ಬಿಸುತ್ತದೆ, ಎಲುಬು ಮೆತ್ತಗಾಗಿ ಪಕ್ಕದ್ದೂ ಮುರಿಯುತ್ತದೆ. ಕೆಲವು ತಿಂಗಳಲ್ಲಿ ಪಾದದ ಕಮಾನು ಕುಸಿದು, ಅಂಗಾಲು ತೊಟ್ಟಿಲ ತಳದಂತೆ ಉಬ್ಬಿ ಹೊರಬರುತ್ತದೆ. ಆ ಉಬ್ಬಿನ ಮೇಲೆ ಹುಣ್ಣಾದರೆ ಕಾಲು ಉಳಿಸುವುದೇ ಕಷ್ಟ. ಶುರುವಿನಲ್ಲಿ ಎಕ್ಸ್‌ರೇ ನಾರ್ಮಲ್ ಇರುವುದು ಸಹಜ, ಅದನ್ನು ನಂಬಿ ಸುಮ್ಮನಾಗಬಾರದು. ಎಂಆರ್‌ಐ ಬೇಗ ಹಿಡಿಯುತ್ತದೆ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಮಾವನವರನ್ನು ಅಂಗಾತ ಮಲಗಿಸಿ ಕಾಲನ್ನು ದಿಂಬುಗಳ ಮೇಲೆ ಎದೆಗಿಂತ ಎತ್ತರಕ್ಕೆ ಹತ್ತು ನಿಮಿಷ ಇಡಿ. ಕೆಂಪು ಬಣ್ಣ ಇಳಿದುಹೋದರೆ ಶಾರ್ಕೋ ಕಡೆಗೆ, ಹಾಗೇ ಉಳಿದರೆ ಸೋಂಕಿನ ಕಡೆಗೆ ಹೆಚ್ಚು ಅನುಮಾನ. ಎರಡೂ ಪಾದದ ಒಂದೇ ಜಾಗವನ್ನು ಅಂಗೈ ಹಿಂಬದಿಯಿಂದ ಮುಟ್ಟಿ ನೋಡಿ. ಆಸ್ಪತ್ರೆಯಲ್ಲಿ ಚರ್ಮದ ತಾಪ ಅಳೆಯುವ ಸಾಧನದಿಂದ ನೋಡಿದಾಗ ಎರಡು ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಒಳಗೆ ಉರಿ ಇನ್ನೂ ಇದೆ ಎಂದು ಲೆಕ್ಕ. ಪಾದದಲ್ಲಿ ಹುಣ್ಣು, ತೂತು, ದುರ್ವಾಸನೆ, ಜ್ವರ ಇದ್ದರೆ ಈ ಪರೀಕ್ಷೆಗೆಲ್ಲ ಸಮಯ ಕಳೆಯಬೇಡಿ, ಅದು ಸೋಂಕೇ ಎಂದುಕೊಂಡು ಅದೇ ದಿನ ಹೊರಡಿ.

ಚಿಕಿತ್ಸೆ ಎಂದರೆ ಪಾದಕ್ಕೂ ಮೀನಖಂಡಕ್ಕೂ ಅಂಟಿದಂತೆ ಕೂರುವ ಪ್ಲಾಸ್ಟರ್. ಬಾವು ಇಳಿದಂತೆ ಅದು ಸಡಿಲವಾಗಿ ಚರ್ಮ ಉಜ್ಜುತ್ತದೆ, ಆದ್ದರಿಂದ ಮೊದಲನೆಯದನ್ನು ಕೆಲವೇ ದಿನಕ್ಕೆ, ಆಮೇಲೆ ವಾರಕ್ಕೋ ಎರಡು ವಾರಕ್ಕೋ ಒಮ್ಮೆ ಬದಲಿಸಬೇಕು. ಮೂರರಿಂದ ಆರು ತಿಂಗಳು, ಕೆಲವರಿಗೆ ಇನ್ನೂ ಹೆಚ್ಚು. ಎರಡು ಪಾದದ ತಾಪ ಸಮವಾಗುವವರೆಗೆ ಬಿಡುವಂತಿಲ್ಲ. ನಂತರ ಮೆತ್ತನೆಯ ಎಂಸಿಆರ್ ರಬ್ಬರಿನ ಚಪ್ಪಲಿ, ಅದೂ ಹಿಂದೆ ಪಟ್ಟಿ ಇರುವಂಥದ್ದು. ರಾಯಚೂರು, ಕೊಪ್ಪಳ, ಬಳ್ಳಾರಿ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಿವೆ, ಎಲುಬಿನ ವಿಭಾಗಕ್ಕೇ ನೇರ ಹೋಗಿ. ‘ನೋವಿಲ್ಲ’ ಎಂದು ಮಾವನವರು ಹೇಳಿದರೆ ಒಪ್ಪಿಕೊಳ್ಳಬೇಡಿ. ನೋವಿಲ್ಲದಿರುವುದೇ ಇಲ್ಲಿ ಕಾಯಿಲೆ.

ಇದೇ ಕಾರಣಕ್ಕೆ, ನರ ಮಂಕಾಗಿರುವ ಶುಗರ್‌ನವರ ಕಾಲಿನ ಹರಡು (ಪಾದದ ಮೇಲಿನ ಗಂಟು) ಮುರಿದಾಗ ಬೇರೆಯವರಿಗೆ ಆರು ವಾರ ಹೇಳುವ ಕಡೆ ನಾವು ಹನ್ನೆರಡು ವಾರ ಕಾಲು ಊರಬೇಡಿ ಎನ್ನುತ್ತೇವೆ. ಅದು ಅತಿ ಎಚ್ಚರಿಕೆ ಅಲ್ಲ.

ಪ್ರಶ್ನೆ: ನಮ್ಮ ಕಡೆ ಎಲುಬು ಮುರಿದರೆ ನಾಟಿ ವೈದ್ಯರ ಹತ್ತಿರ ಬಿದಿರು ದಬ್ಬೆ, ಮೊಟ್ಟೆ ಪಟ್ಟಿ ಕಟ್ಟಿಸುತ್ತಾರೆ. ಶುಗರ್ ಇದ್ದವರು ಕಟ್ಟಿಸಬಹುದೇ? ಪ್ಲಾಸ್ಟರ್ ಹಾಕಿಸಿದರೆ ಬೇಸಿಗೆಯಲ್ಲಿ ತುರಿಕೆ ತಡೆಯಲಾಗುವುದಿಲ್ಲ.
– ಸಿರುಗುಪ್ಪದ ಓದುಗರು

ಉತ್ತರ: ಕಟ್ಟಿಸಬೇಡಿ. ಮುರಿದ ಕಡೆ ಮೊದಲ ಎರಡು ಮೂರು ದಿನ ಬಾವು ಏರುತ್ತಲೇ ಇರುತ್ತದೆ. ದಬ್ಬೆಯ ಬಿಗಿ ಹಾಗೇ ಇರುತ್ತದೆ, ಒಳಗಿನ ಒತ್ತಡ ಹೆಚ್ಚಿ ಸ್ನಾಯುವಿಗೆ ರಕ್ತ ನಿಲ್ಲುತ್ತದೆ. ಆರು ಗಂಟೆ ಕಳೆದರೆ ಸ್ನಾಯು ಸಾಯತೊಡಗುತ್ತದೆ. ಎಲ್ಲರಿಗೂ ಇದು ಅಪಾಯವೇ, ಆದರೆ ಬೇರೆಯವರು ನೋವಿಗೆ ಕೂಗಿಕೊಂಡು ಕಟ್ಟು ಬಿಚ್ಚಿಸುತ್ತಾರೆ. ನರ ಮಂಕಾದ ಶುಗರ್‌ನವರು ರಾತ್ರಿಯೆಲ್ಲ ಸುಮ್ಮನೆ ಮಲಗಿ, ಬೆಳಿಗ್ಗೆ ಕಪ್ಪಾದ ಬೆರಳುಗಳೊಂದಿಗೆ ಬರುತ್ತಾರೆ.

ಪ್ಲಾಸ್ಟರ್ ಹಾಕಿಸುವ ಮೊದಲು ಬಳೆ, ಉಂಗುರ, ಕಾಲುಂಗುರ ಎಲ್ಲ ತೆಗೆಸಿ. ಬಾವು ಏರಿದ ಮೇಲೆ ಅವು ಬರುವುದಿಲ್ಲ, ಕತ್ತರಿಸಬೇಕಾಗುತ್ತದೆ. ಮೊದಲ 48 ಗಂಟೆ ಕೈಯಾದರೆ ಎದೆಗಿಂತ ಮೇಲೆ, ಕಾಲಾದರೆ ದಿಂಬಿನ ಮೇಲೆ. ದಿನಕ್ಕೆ ನಾಲ್ಕು ಸಲ ಬೆರಳ ಉಗುರನ್ನು ಒತ್ತಿ ಬಿಡಿ: ಬೆಳ್ಳಗಾದದ್ದು ಎರಡು ಸೆಕೆಂಡಿನೊಳಗೆ ಗುಲಾಬಿಗೆ ಮರಳಬೇಕು. ಬೆರಳು ತಣ್ಣಗಿದ್ದರೆ, ನೀಲಿಯಾದರೆ, ಅಲ್ಲಾಡಿಸಲು ಆಗದಿದ್ದರೆ, ನೀವು ಬೆರಳು ಹಿಡಿದು ನೇರಕ್ಕೆ ಚಾಚಿದಾಗ ಒಳಗೆ ಹಿಂಡಿದಂತಾದರೆ ರಾತ್ರಿ ಎರಡು ಗಂಟೆಯಾದರೂ ಆಸ್ಪತ್ರೆಗೆ ಹೋಗಿ ಪ್ಲಾಸ್ಟರ್ ಸೀಳಿಸಿ.

ತುರಿಕೆಗೆ ಕಡ್ಡಿ, ಸ್ಕೇಲು, ಬಾಚಣಿಗೆ ಹಿಡಿ ಒಳಗೆ ತೂರಿಸಬೇಡಿ. ಗೀರಿದ್ದು ನಿಮಗೆ ಗೊತ್ತೇ ಆಗುವುದಿಲ್ಲ, ಬೆವರಿನಲ್ಲಿ ನೆನೆದ ಆ ಗೀರು ವಾರದಲ್ಲಿ ಹುಣ್ಣಾಗಿರುತ್ತದೆ. ಪ್ಲಾಸ್ಟರ್ ಅಂಚಿಗೆ ಫ್ಯಾನ್ ಗಾಳಿ ಬರುವಂತೆ ಕೂತುಕೊಳ್ಳಿ. ಸ್ನಾನಕ್ಕೆ ಎರಡು ಪ್ಲಾಸ್ಟಿಕ್ ಚೀಲ, ನಡುವೆ ಒಣ ಟವೆಲ್. ವಾಸನೆ ಬಂದರೆ, ಪ್ಲಾಸ್ಟರ್ ಮೇಲೆ ಕಂದು ಒದ್ದೆ ಕಲೆ ಮೂಡಿದರೆ ಕಾಯಬೇಡಿ. ಇನ್ನೊಂದು ಕಾಲನ್ನೂ ದಿನಾ ನೋಡಿ. ಮಲಗಿದವರ ಒಳ್ಳೆಯ ಕಾಲಿನ ಹಿಮ್ಮಡಿಯಲ್ಲೂ ಹಾಸಿಗೆ ಹುಣ್ಣು ಶುರುವಾಗುವುದುಂಟು.

ಪ್ರಶ್ನೆ: ಎಲುಬು ಮುರಿದ ನೋವಿಗೆ ಮೆಡಿಕಲ್ ಶಾಪಿನ ನೋವಿನ ಮಾತ್ರೆ ಎಷ್ಟು ದಿನ ನುಂಗಬಹುದು?
– ಬಳ್ಳಾರಿಯ ಓದುಗರು

ಉತ್ತರ: ಪ್ಯಾರಾಸಿಟಮಾಲ್ 650 ಮಿಲಿಗ್ರಾಂ, ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕು ಮೀರದಂತೆ, ಯಕೃತ್ತಿನ ತೊಂದರೆ ಇದ್ದರೆ, ಕುಡಿತ ಇದ್ದರೆ ಇನ್ನೂ ಕಡಿಮೆ. ಡೈಕ್ಲೋಫೆನ್ಯಾಕ್, ಎಸಿಕ್ಲೋಫೆನ್ಯಾಕ್, ಐಬುಪ್ರೊಫೆನ್‌ಗಳನ್ನು ವೈದ್ಯರು ಹೇಳಿದಷ್ಟು ದಿನ ಮಾತ್ರ. ಶುಗರ್‌ನಿಂದ ದಣಿದ ಕಿಡ್ನಿಗೆ ಅವು ಭಾರ, ಬಿ.ಪಿ. ಮಾತ್ರೆ ಜೊತೆಗಿದ್ದರೆ ಇನ್ನೂ ಭಾರ. ಎಲುಬಿಗೆ ಬೇಕಾದ ಆ ಮೊದಲ ಉರಿಯೂತವನ್ನೂ ಅವು ಅದುಮುತ್ತವೆ. ಹಳ್ಳಿಗಳಲ್ಲಿ ‘ನೋವಿನ ಸೂಜಿ’ ಎಂದು ಕೊಡುವುದರಲ್ಲಿ ಡೆಕ್ಸಾಮೆಥಾಸೋನ್‌ನಂಥ ಸ್ಟಿರಾಯ್ಡ್ ಇದೆಯೇ ಎಂದು ಕೇಳಿ. ನೋವು ಮಾಯವಾದಂತೆ ಅನಿಸುತ್ತದೆ, ಮರುದಿನ ಶುಗರ್ 400ಕ್ಕೆ ಹೋಗಿರಬಹುದು.

ಪ್ರಶ್ನೆ: ಎಲುಬು ಕೂಡಲೆಂದು ದಿನಾ ಕಾಲು ಸೂಪು ಕುಡಿಸಿರಿ ಅನ್ನುತ್ತಾರೆ. ಶುಗರ್ ಏರುತ್ತದೆಂದು ಇನ್ನೊಬ್ಬರು ಊಟವನ್ನೇ ಅರ್ಧ ಮಾಡಿಸಿದ್ದಾರೆ. ಯಜಮಾನರ ತೂಕ 60 ಕಿಲೋ. ಏನು ಕೊಡಲಿ?
– ಗೃಹಿಣಿ, ಕೊಪ್ಪಳ

ಉತ್ತರ: ಅಕ್ಕಾ, ಊಟ ಅರ್ಧ ಮಾಡಿಸಿದ್ದು ದೊಡ್ಡ ತಪ್ಪು. ಹೊಸ ಎಲುಬಿನ ಎಳೆಗಳೆಲ್ಲ ಪ್ರೋಟೀನಿನವು, ಅದಿಲ್ಲದೆ ಕ್ಯಾಲ್ಸಿಯಂ ಕೂರಲು ಜಾಗವೇ ಇರುವುದಿಲ್ಲ. ಎಲುಬು ಕೂಡುವ ಕಾಲದಲ್ಲಿ ಕಿಲೋ ತೂಕಕ್ಕೆ ದಿನಕ್ಕೆ 1.2 ಗ್ರಾಂನಂತೆ ಯಜಮಾನರಿಗೆ ಸುಮಾರು 72 ಗ್ರಾಂ ಬೇಕು. ಕ್ರಿಯಾಟಿನಿನ್ ಪರೀಕ್ಷೆಯಲ್ಲಿ ಕಿಡ್ನಿ ಸರಿಯಿದ್ದರೆ ಮಾತ್ರ ಈ ಲೆಕ್ಕ, ಇಲ್ಲವಾದರೆ ವೈದ್ಯರು ಹೇಳಿದಷ್ಟೇ.

ನಮ್ಮ ಊಟದಲ್ಲೇ ಅದು ಸಿಗುತ್ತದೆ. ತಲಾ 60 ಗ್ರಾಂ ಹಿಟ್ಟಿನ ಮೂರು ಜೋಳದ ರೊಟ್ಟಿಯಲ್ಲಿ ಸುಮಾರು 18 ಗ್ರಾಂ ಪ್ರೋಟೀನ್. 60 ಗ್ರಾಂ ತೊಗರಿ ಬೇಳೆಯಲ್ಲಿ 13. ಎರಡು ಮೊಟ್ಟೆಯಲ್ಲಿ 12. ಹಾಲು ಮೊಸರು ಸೇರಿ ಅರ್ಧ ಲೀಟರಿನಲ್ಲಿ 16. ಒಂದು ಹಿಡಿ ಶೇಂಗಾ, ಅಂದರೆ 30 ಗ್ರಾಮಿನಲ್ಲಿ 7. ಅಷ್ಟೇ ಹೆಸರುಕಾಳು ನೆನೆಸಿ ಮೊಳಕೆ ಬರಿಸಿದರೆ ಇನ್ನೊಂದು 7. ಒಟ್ಟು 73 ಆಯಿತು. ಮೊಟ್ಟೆ ತಿನ್ನದಿದ್ದರೆ ಬೇಳೆ, ಕಾಳು ಹೆಚ್ಚಿಸಿ. ಶುಗರ್ ಏರುವುದು ರೊಟ್ಟಿ ತಿಂದದ್ದಕ್ಕಲ್ಲ, ಮೂರನ್ನೂ ಒಂದೇ ಹೊತ್ತಿಗೆ ತಿಂದದ್ದಕ್ಕೆ. ಒಂದು ರೊಟ್ಟಿಯಲ್ಲಿ 40 ಗ್ರಾಮಿನಷ್ಟು ಪಿಷ್ಟವಿದೆ, ಅದಕ್ಕೇ ಹೊತ್ತಿಗೊಂದು, ಜೊತೆಗೆ ಬಟ್ಟಲು ತುಂಬ ಕಾಳು ಪಲ್ಯ. ಹಿಟ್ಟನ್ನು ಒಂದು ವಾರ ತೂಗಿ ನೋಡಿ. ಕೆಲವು ಮನೆಯ ರೊಟ್ಟಿ 90 ಗ್ರಾಂ ಇರುತ್ತದೆ.

ಕ್ಯಾಲ್ಸಿಯಂ ದಿನಕ್ಕೆ 1000 ಮಿಲಿಗ್ರಾಂ ಬೇಕು. ಆ ಅರ್ಧ ಲೀಟರ್ ಹಾಲು ಮೊಸರಿನಲ್ಲೇ 600 ಬಂತು, 50 ಗ್ರಾಂ ರಾಗಿಯಲ್ಲಿ 170. ರಾಗಿ ಮಾಡಿದ ಹೊತ್ತು ಒಂದು ರೊಟ್ಟಿ ಬಿಡಿ. ಉಳಿದದ್ದು ಸೊಪ್ಪು, ಎಳ್ಳಿನಿಂದ. ಕಾಲು ಸೂಪಿನಲ್ಲಿ ಕ್ಯಾಲ್ಸಿಯಂ ಬಹಳ ಕಡಿಮೆ, ಎಲುಬಿನ ಸುಣ್ಣ ನೀರಿಗೆ ಅಷ್ಟಾಗಿ ಇಳಿಯುವುದಿಲ್ಲ. ಬಾಯಿಗೆ ರುಚಿ ಎಂದು ಕುಡಿಯಲಿ, ಔಷಧಿ ಎಂದಲ್ಲ. ವಿಟಮಿನ್ ಡಿ ಪರೀಕ್ಷೆ ಮಾಡಿಸಿ. ಕಡಿಮೆ ಇದ್ದರೆ 60,000 ಯೂನಿಟ್‌ನದನ್ನು ಸಾಮಾನ್ಯವಾಗಿ ವಾರಕ್ಕೊಂದರಂತೆ ಎಂಟು ವಾರ ಕೊಡುತ್ತಾರೆ. ವಾರಕ್ಕೊಂದು ಎಂದದ್ದನ್ನು ದಿನಕ್ಕೊಂದು ಎಂದುಕೊಂಡು ನುಂಗಿದರೆ ಕ್ಯಾಲ್ಸಿಯಂ ಏರಿ ವಾಂತಿ, ಕಿಡ್ನಿ ತೊಂದರೆ ಬರುತ್ತದೆ. ಚೀಟಿಯ ಮೇಲೆ ವಾರದ ಹೆಸರನ್ನೇ ಬರೆಸಿಕೊಳ್ಳಿ. ಮೆಟ್‌ಫಾರ್ಮಿನ್ ಬಹಳ ವರ್ಷದಿಂದ ಇದ್ದರೆ ಬಿ12 ಕೂಡ ನೋಡಿಸಿ, ಅದು ಕಡಿಮೆಯಾದರೆ ಕಾಲಿನ ನರ ಇನ್ನಷ್ಟು ಮಂಕಾಗುತ್ತದೆ.

ಪ್ರಶ್ನೆ: ನಮ್ಮೂರ ಬೋರ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ನನಗೆ 60, ಶುಗರ್ ಇದೆ. ಎಲುಬಿನ ಸಾಂದ್ರತೆ ಪರೀಕ್ಷೆ ಚೆನ್ನಾಗಿದೆ ಎಂದರು, ಆದರೂ ಸಣ್ಣದಾಗಿ ಬಿದ್ದದ್ದಕ್ಕೇ ಭುಜ ಮುರಿಯಿತು. ಹೇಗೆ?
– ಕುಷ್ಟಗಿಯ ಓದುಗರು

ಉತ್ತರ: ನಿಮ್ಮ ವಿಷಯದಲ್ಲಿ ಎರಡು ಕಾರಣಗಳು ಒಂದೇ ಕಡೆ ಸೇರಿವೆ. ಎರಡನೇ ಬಗೆಯ ಮಧುಮೇಹದಲ್ಲಿ ಎಲುಬಿನ ಸಾಂದ್ರತೆ ನಾರ್ಮಲ್ ಅಥವಾ ಹೆಚ್ಚೇ ಕಾಣುತ್ತದೆ, ಆದರೆ ಒಳಗಿನ ಎಳೆಗಳು ಪೆಡಸಾಗಿರುವುದರಿಂದ ಪೆಟ್ಟು ತಾಳುವುದಿಲ್ಲ. ಫ್ಲೋರೈಡ್ ಕೂಡ ಇದನ್ನೇ ಮಾಡುತ್ತದೆ: ಎಲುಬು ಯಂತ್ರಕ್ಕೆ ದಟ್ಟವಾಗಿ ಕಾಣುತ್ತದೆ, ಬಿದ್ದಾಗ ಸುಣ್ಣದ ಕಡ್ಡಿಯಂತೆ ಮುರಿಯುತ್ತದೆ. ಯಂತ್ರ ಅಳೆಯುವುದು ದಟ್ಟಣೆಯನ್ನು, ಗಟ್ಟಿತನವನ್ನಲ್ಲ. ಹೀಗಾಗಿ ಶುಗರ್ ಇದ್ದವರಲ್ಲಿ ಸಾಂದ್ರತೆ ಪರೀಕ್ಷೆಯ ಅಂಕಿಯಾದ ಟಿ ಸ್ಕೋರ್ ಮೈನಸ್ 2.5ಕ್ಕೆ ಇಳಿಯುವವರೆಗೆ ಕಾಯದೆ ಮೈನಸ್ 2ಕ್ಕೇ ಚಿಕಿತ್ಸೆಯ ಯೋಚನೆ ಮಾಡುತ್ತಾರೆ. ನಿಮಗಂತೂ ಸಣ್ಣ ಪೆಟ್ಟಿಗೆ ಮುರಿದದ್ದೇ ಸಾಕು, ಸ್ಕೋರ್ ಏನೇ ಇರಲಿ.

ಶುಗರ್ ಏರಿದವರಿಗೆ ಬಾಯಾರಿಕೆ ಹೆಚ್ಚು. ಹೆಚ್ಚು ನೀರು ಕುಡಿದಷ್ಟೂ ಹೆಚ್ಚು ಫ್ಲೋರೈಡ್ ಒಳಗೆ ಹೋಗುತ್ತದೆ, ಕಿಡ್ನಿ ದಣಿದಿದ್ದರೆ ಹೊರಗೆ ಹೋಗುವುದು ಕಡಿಮೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗೆ ಇರಬೇಕು, ಬೇರೆ ನೀರೇ ಸಿಗದ ಕಡೆ 1.5 ಕೊನೆಯ ಮಿತಿ. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ; ನೀರು ಆವಿಯಾಗಿ ಅದು ಇನ್ನೂ ಗಟ್ಟಿಯಾಗುತ್ತದೆ. ಆರ್‌ಒ ಘಟಕದ ನೀರನ್ನು ಕುಡಿಯಲು ಮಾತ್ರವಲ್ಲ, ಬೇಳೆ ಬೇಯಿಸಲು, ಚಹಾಕ್ಕೂ ಬಳಸಿ. ಬಿದ್ದದ್ದು ಯಾಕೆ ಎಂದೂ ಯೋಚಿಸಿ: ಬೆಳಗಿನ ಜಾವ ಶುಗರ್ 70ರ ಕೆಳಗೆ ಇಳಿದಿತ್ತೇ, ಕಣ್ಣಿನ ಪರದೆ ಪರೀಕ್ಷೆ ಆಗಿ ವರ್ಷವಾಯಿತೇ.

ಪ್ರಶ್ನೆ: ಎಲುಬು ಕೂಡುವವರೆಗೆ ಇನ್ಸುಲಿನ್ ತಗೊಳ್ಳಿ ಅಂದಾರ. ಮನ್ಯಾಗ ಫ್ರಿಜ್ ಇಲ್ರಿ, ಬ್ಯಾಸಿಗಿ ಬಿಸಲು ನಿಮಗ ಗೊತ್ತೈತಿ. ಎಲ್ಲಿ ಇಡೋದು?
– ಲಿಂಗಸುಗೂರಿನ ಓದುಗರು

ಉತ್ತರ: ತೆರೆಯದ ಬಾಟಲಿಗೆ 2ರಿಂದ 8 ಡಿಗ್ರಿ ತಂಪು ಬೇಕು, ಅದನ್ನು ಒಂದೊಂದಾಗಿಯೇ ಕೊಳ್ಳಿ ಅಥವಾ ಫ್ರಿಜ್ ಇರುವ ಅಂಗಡಿಯಲ್ಲೇ ಇಡಿಸಿ. ಬಳಸುತ್ತಿರುವ ಬಾಟಲಿ 30 ಡಿಗ್ರಿ ಒಳಗೆ ಸುಮಾರು ನಾಲ್ಕು ವಾರ ಇರುತ್ತದೆ. ಆದರೆ ನಮ್ಮ ಕಡೆ ಬೇಸಿಗೆಯಲ್ಲಿ ಹೊರಗೆ 40 ದಾಟುತ್ತದೆ, ತಗಡಿನ ಮನೆಯೊಳಗೆ ಅದಕ್ಕೂ ಹೆಚ್ಚು. ಕೆಟ್ಟ ಇನ್ಸುಲಿನ್ ಚುಚ್ಚಿಕೊಂಡರೆ ಶುಗರ್ ಇಳಿಯುವುದಿಲ್ಲ, ಯಾಕೆಂದು ತಿಳಿಯದೆ ಡೋಸ್ ಏರಿಸುತ್ತಾ ಹೋಗುತ್ತಾರೆ.

ಹೊಳಪು ಹಚ್ಚದ ಎರಡು ಮಣ್ಣಿನ ಮಡಕೆ ತನ್ನಿ, ಒಂದರೊಳಗೆ ಇನ್ನೊಂದು ಎರಡು ಬೆರಳು ಸಂದು ಬಿಟ್ಟು ಕೂರುವಂಥವು. ಸಂದಿಗೆ ಮರಳು ತುಂಬಿ ನೀರು ಹಾಕಿ. ಒಳಗಿನ ಮಡಕೆಯಲ್ಲಿ ನೀರು ಹಾಕಬೇಡಿ. ಬಾಟಲಿಯನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಅದರೊಳಗಿಡಿ, ಮೇಲೆ ಒದ್ದೆ ಗೋಣಿ ಬಟ್ಟೆ ಮುಚ್ಚಿ. ಬೆಳಿಗ್ಗೆ, ಸಂಜೆ ಮರಳಿಗೆ ನೀರು. ನೆರಳಿರಬೇಕು, ಗಾಳಿಯಾಡಬೇಕು, ಬಾಗಿಲು ಹಾಕಿದ ಕೋಣೆಯಲ್ಲಿ ತಂಪಾಗುವುದಿಲ್ಲ. ಹೊಸ ಬಾಟಲಿ ತೆರೆದ ದಿನವನ್ನು ಪೆನ್ನಿನಿಂದ ಅದರ ಮೇಲೆ ಬರೆಯಿರಿ. ತಿಳಿಯಾಗಿರಬೇಕಾದ ಇನ್ಸುಲಿನ್ ಮಬ್ಬಾದರೆ ಚೆಲ್ಲಿಬಿಡಿ. ಮೊದಲೇ ಹಾಲಿನಂತಿರುವುದಾದರೆ ಅಂಗೈಗಳ ನಡುವೆ ಮೆಲ್ಲಗೆ ಇಪ್ಪತ್ತು ಸಲ ಉರುಳಿಸಿ. ಆಮೇಲೂ ತಳದಲ್ಲಿ ಹೆಪ್ಪು, ಗೋಡೆಗೆ ಉಪ್ಪಿನಂಥ ಕಾಳು ಕಂಡರೆ ಅದೂ ಬೇಡ.